ಊಟಕ್ಕೆ ಏಳಿ

ನಮ್ಮೂರು ನಾಗಮಂಗಲದ ಕಡೆ. ಮನೆಗೆ ಯಾರೇ ಬರಲಿ, ಅವ್ವನ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಎರಡೇ ಮಾತು: ‘ಕೂತ್ಕಳಿ’, ‘ಉಣ್ಣೇಳಿ’. ಬಂದವರು ನೆಂಟರಾಗಿರಲಿ, ಬಳೆ ಮಾರುವವಳಾಗಿರಲಿ, ದಾರಿ ತಪ್ಪಿದ ದನ ಹುಡುಕಿಕೊಂಡು ಬಂದ ಪಕ್ಕದೂರಿನವನಾಗಿರಲಿ, ಜಗಲಿಯ ಮೇಲೆ ಚಾಪೆ ಬೀಳುತ್ತಿತ್ತು, ಚೊಂಬಿನಲ್ಲಿ ನೀರು ಬರುತ್ತಿತ್ತು, ಎಲೆಯಡಿಕೆ ಮಡಿಸುವಷ್ಟು ಹೊತ್ತಿಗೆ ಒಳಗಿನಿಂದ ‘ಉಣ್ಣೇಳಿ’ ಕೇಳುತ್ತಿತ್ತು. ಚಿಕ್ಕಂದಿನಲ್ಲಿ ನಾನು ಅದನ್ನು ಒಂದೇ ಪದ ಅಂದುಕೊಂಡಿದ್ದೆ. ಉಣ್ಣಲು ಏಳಿ ಎಂದು ಅದನ್ನು ಬಿಡಿಸಿ ನೋಡಿದ್ದು ಐವತ್ತು ದಾಟಿದ ಮೇಲೆ. ಅದೂ ಮೈಸೂರಿನ ಮನೆಯಲ್ಲಿ, ಅವ್ವ ಕುರ್ಚಿಯಿಂದ ಏಳಲಾರದೆ ನನ್ನ ಮುಖ ನೋಡಿದ ದಿನ.

ಕೃಷ್ಣರಾಜಸಾಗರದ ನಾಲೆ ಮಂಡ್ಯ, ಮದ್ದೂರಿನ ಬಯಲಿಗೆ ಹರಿದು ಅಲ್ಲಿ ಭತ್ತ, ಕಬ್ಬು ಬೆಳೆಸಿತು. ನಮ್ಮದು ಮಳೆ ನಂಬಿದ ಕೆಮ್ಮಣ್ಣಿನ ಹೊಲ. ರಾಗಿ, ಹುರುಳಿ, ಅವರೆ, ಹಿತ್ತಿಲಲ್ಲಿ ನಾಲ್ಕಾರು ತೆಂಗು. ಅನ್ನ ಅಂದರೆ ಒಂದೋ ಹಬ್ಬ, ಇಲ್ಲ ಜ್ವರ. ಮಿಕ್ಕ ದಿನವೆಲ್ಲ ಹಿಟ್ಟು. ಮುದ್ದೆಗೆ ನಮ್ಮ ಕಡೆ ಹಾಗೇ ಅನ್ನುವುದು. ಜೊತೆಗೆ ಉಪ್ಸಾರು, ಬಸ್ಸಾರು, ಮಸ್ಸೊಪ್ಪು, ಮೊಳಕೆ ಕಟ್ಟಿದ ಹುರುಳಿಯ ಸಾರು. ಉಳುಮೆ ಮುಗಿಸಿ ಬಂದ ಅಪ್ಪ ದೊಡ್ಡ ದೊಡ್ಡ ಎರಡು ಮುದ್ದೆ ಮುರಿಯುತ್ತಿದ್ದ. ಎದ್ದು ಕೈ ತೊಳೆದು, ಎತ್ತಿಗೆ ಹುಲ್ಲು ಹಾಕಿ, ಮತ್ತೆ ಹೊಲದ ಹಾದಿ ಹಿಡಿಯುತ್ತಿದ್ದ. ಅವ್ವನ ದಿನ ಕೋಳಿ ಕೂಗುವ ಮೊದಲೇ ಶುರು. ಊರಿಗೆ ಹಿಟ್ಟಿನ ಗಿರಣಿ ಬರುವ ತನಕ ಬೀಸುವ ಕಲ್ಲಿನ ಗೂಟ ಅವಳ ಕೈಯಲ್ಲೇ ಇತ್ತು. ಆಮೇಲೆ ಬಾವಿ, ಹಗ್ಗ, ಎರಡು ಕೊಡ. ಕಳೆ ಕೀಳುವ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಲ್ಲೇ ಸಾಲಿನಿಂದ ಸಾಲಿಗೆ ಸರಿಯುತ್ತಿದ್ದಳು.

ಆ ಬದುಕನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಹಳೆಯ ಕಾಲದವರು ಗಟ್ಟಿ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಅವ್ವನ ಅಂಗೈಯ ಜಡ್ಡು ಮತ್ತು ಅವಳ ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದ ಸಾರು. ಎಲ್ಲರೂ ಉಂಡೆದ್ದ ಮೇಲೆ ಅವಳು ಕೂರುತ್ತಿದ್ದಳು. ಕಾಳು ಅಷ್ಟರಲ್ಲಿ ಮುಗಿದಿರುತ್ತಿತ್ತು. ಎಷ್ಟೋ ರಾತ್ರಿ ಅವಳ ಗಂಗಳದಲ್ಲಿ ಇದ್ದದ್ದು ಹಿಟ್ಟು, ಉಪ್ಪು, ಎರಡು ಒಣಮೆಣಸಿನಕಾಯಿಯ ಖಾರ. ಅಷ್ಟು ದುಡಿದ ದೇಹಕ್ಕೆ ‘ಕೂತ್ಕೋ, ಉಣ್ಣು’ ಅನ್ನುವುದಕ್ಕಿಂತ ಪ್ರೀತಿಯ ಮಾತು ಬೇರೆ ಇರಲಿಲ್ಲ. ಆದರೆ ಅವಳಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಆದ್ದರಿಂದ ಅಪ್ಪ ತೀರಿಕೊಂಡು ಅವ್ವ ನನ್ನ ಜೊತೆ ಮೈಸೂರಿಗೆ ಬಂದಾಗ ನಾನು ಹೇಳತೊಡಗಿದೆ. ಪೊರಕೆ ಹಿಡಿದರೆ ‘ಬಿಡವ್ವ, ಕೂತ್ಕೋ’. ಬಟ್ಟೆ ಒಣಗಿಸಲು ಹೋದರೆ ‘ಕೂತ್ಕೋ’. ನೆಲದ ಮೇಲೆ ಕೂತು ಸೊಪ್ಪು ಬಿಡಿಸಿದರೆ ‘ಯಾಕೆ ನೆಲ, ಸೋಫಾ ಇದೆಯಲ್ಲ’. ಹತ್ತು ವರ್ಷ ಹೀಗೇ ನಡೆಯಿತು. ಟಿ.ವಿ. ಮುಂದೆ ಅವಳಿಗಾಗಿಯೇ ಮೆತ್ತನೆಯ ಒಂದು ಕುರ್ಚಿ ತಂದೆವು. ಊಟವನ್ನೂ ಅಲ್ಲಿಗೇ ತಂದುಕೊಡುತ್ತಿದ್ದೆ. ಊಟಕ್ಕೂ ಏಳಬೇಕಾಗಿರಲಿಲ್ಲ.

ಎಂಬತ್ತೊಂದನೆಯ ವಯಸ್ಸಿನಲ್ಲಿ ಅವಳು ಬಚ್ಚಲುಮನೆಯಲ್ಲಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು, ಸೊಂಟ ಉಳಿಯಿತು. ಕೈಯ ಪಟ್ಟಿ ಬಿಚ್ಚಿದ ಮೇಲೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋದೆ. ಮಗಳ ವಯಸ್ಸಿನ ಆ ಹುಡುಗಿ ಕೈಯನ್ನು ನೋಡಿ ಮುಗಿಸಿ, ಆಮೇಲೆ ಕಾಲಿನ ಕಡೆ ತಿರುಗಿದಳು. ಗೋಡೆಗೆ ಒತ್ತಿದ ಒಂದು ಮರದ ಕುರ್ಚಿ. ‘ಅಜ್ಜಿ, ಕೈ ಎರಡನ್ನೂ ಎದೆ ಮೇಲೆ ಕಟ್ಕೊಳ್ಳಿ. ಕೈ ಊರದೆ ಎದ್ದು ನಿಲ್ಲಿ, ಮತ್ತೆ ಕೂತ್ಕೊಳ್ಳಿ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತೋ ಅಷ್ಟು.’ ಅವ್ವ ಮೊದಲ ಸಲ ಏಳಲೇ ಇಲ್ಲ. ಮುಂದಕ್ಕೆ ಬಾಗಿದಳು, ತೊಡೆ ನಡುಗಿತು, ಮತ್ತೆ ಕೂತಳು. ಆಗಲೇ ನನ್ನ ಮುಖ ನೋಡಿದ್ದು. ಎರಡು ಕೊಡ ಹೊತ್ತು ಏರಿ ಹತ್ತುತ್ತಿದ್ದ ಕಾಲು ಅದು. ಸುಧಾರಿಸಿಕೊಂಡು ಆ ದಿನ ಒಟ್ಟು ಐದು ಸಲ ಎದ್ದಳು. ಎಂಬತ್ತರಿಂದ ಎಂಬತ್ತನಾಲ್ಕರ ಹೆಂಗಸರು ಕಡೇಪಕ್ಷ 9 ಸಲ ಏಳಬೇಕು, ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಆ ಹುಡುಗಿ ಹೇಳಿದಳು. ‘ಮನೆಯಲ್ಲಿ ಏನು ಕೆಲಸ ಮಾಡ್ತಾರೆ?’ ಎಂದು ಕೇಳಿದಳು. ನಾನು ಹೆಮ್ಮೆಯಿಂದ ಹೇಳಬೇಕೆಂದು ಹತ್ತು ವರ್ಷದಿಂದ ಕಾದಿಟ್ಟುಕೊಂಡಿದ್ದ ಉತ್ತರ ಇತ್ತು: ಏನೂ ಮಾಡಿಸುವುದಿಲ್ಲ. ಅದನ್ನು ಹೇಳುವಾಗ ಗಂಟಲು ಕಟ್ಟಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಸ್ನಾಯುವನ್ನು ಬಳಸದಿದ್ದರೆ ಅದು ಕರಗುತ್ತದೆ ಎಂದು ಹಲಗೆಯ ಮೇಲೆ ಬರೆದವಳು. ಬರೆದದ್ದು ಮನೆಯ ಹಜಾರಕ್ಕೆ ಬಂದಿರಲಿಲ್ಲ. ಆ ರಾತ್ರಿ ಕೂತು ಓದತೊಡಗಿದೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ನಡೆದ ಪ್ರಯೋಗ ಸಿಕ್ಕಿತು. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮಾಡಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಏರಿತು, ಅಂದರೆ ಮೊದಲಿದ್ದ ಬಲದ ಎರಡೂವರೆ ಪಟ್ಟನ್ನೂ ಮೀರಿತು. ತೊಂಬತ್ತು ವರ್ಷದ ಸ್ನಾಯು ಕೂಡ ಕೆಲಸ ಕೊಟ್ಟರೆ ಬೆಳೆಯುತ್ತದೆ. ಅದನ್ನು ಎರಡು ಸಲ ಓದಿಕೊಂಡೆ. ಒಳಗೆ ಅವ್ವ ಮಲಗಿದ್ದಳು.

‘ಕೂತ್ಕೋ’ ಎಂಬ ಮಾತಿನ ಬಗ್ಗೆ ಇನ್ನೊಂದು ಹಳೆಯ ಅಧ್ಯಯನವನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ನನ್ನ ಸೋದರಮಾವ ರೂಟ್ ಬಸ್ಸಿನ ಕಂಡಕ್ಟರ್ ಆಗಿದ್ದವನು, ಆದ್ದರಿಂದ ಅದು ನನಗೆ ಮೊದಲಿಂದಲೂ ಹತ್ತಿರ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಆಗ ಚಾಲಕ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರ ಊರು ಒಂದೇ, ಡಿಪೋ ಒಂದೇ. ಜೆರ್ರಿ ಮಾರಿಸ್ ಎಂಬ ವೈದ್ಯ ಇಂಥ ಸಾವಿರಾರು ನೌಕರರ ದಾಖಲೆ ನೋಡಿ, ಕೂತವರಲ್ಲಿ ಹೃದಯದ ಕಾಯಿಲೆ ಹೆಚ್ಚು, ಅದರಲ್ಲೂ ತಟ್ಟನೆ ಪ್ರಾಣ ತೆಗೆಯುವ ಹೃದಯಾಘಾತ ಹೆಚ್ಚು ಎಂದು 1953ರಲ್ಲಿ ಪ್ರಕಟಿಸಿದ. ನನಗೆ ಅವನ ಮೇಲೆ ಗೌರವ ಹೆಚ್ಚಿದ್ದು ಅದಕ್ಕಿಂತ ಮುಂದಿನ ಕೆಲಸಕ್ಕೆ. ಚಾಲಕರು ಮೊದಲೇ ದಪ್ಪಗಿದ್ದಿರಬಹುದಲ್ಲ ಎಂಬ ಅನುಮಾನ ಅವನಿಗೇ ಬಂತು. ಕಂಪನಿ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆ ಪಟ್ಟಿ ತರಿಸಿದ, ಪ್ಯಾಂಟಿನ ಸೊಂಟದಳತೆ ಹೋಲಿಸಿದ. ಅನುಮಾನ ನಿಜವಾಗಿತ್ತು, ಚಾಲಕರ ಸೊಂಟ ದೊಡ್ಡದೇ ಇತ್ತು. ಅದನ್ನೂ 1956ರಲ್ಲಿ ಪ್ರಕಟಿಸಿದ, ಬಳಿಕ ಬೇರೆ ಬೇರೆ ಉದ್ಯೋಗದವರನ್ನು ದಶಕಗಟ್ಟಲೆ ನೋಡುತ್ತ ಹೋದ. ದೇಹದ ದುಡಿಮೆಗೂ ಹೃದಯಕ್ಕೂ ಇರುವ ನಂಟು ಆ ಪರೀಕ್ಷೆಗಳನ್ನೆಲ್ಲ ದಾಟಿ ನಿಂತಿತು. ತನ್ನ ಮಾತನ್ನು ತಾನೇ ಅಳೆದು ನೋಡುವ ಇಂಥವರ ಮಾತನ್ನು ನಾನು ನಂಬುತ್ತೇನೆ. ಬೀದಿಬೀದಿಯಲ್ಲಿ ಸಿಗುವ ಆರೋಗ್ಯದ ಸಲಹೆಗಳಲ್ಲಿ ಈ ಗುಣ ಅಪರೂಪ.

ಅವ್ವನನ್ನು ಏಳಿಸುವ ಹೊತ್ತಿಗೇ ನನ್ನ ರಕ್ತಪರೀಕ್ಷೆಯ ವರದಿಯೂ ಬಂತು. ಎಚ್‌ಬಿಎ1ಸಿ 6.1. ರಕ್ತದ ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ಅದು ಎಷ್ಟು ಸಕ್ಕರೆಯಲ್ಲಿ ಈಜಿತು ಎಂಬುದರ ಲೆಕ್ಕ ಈ 6.1. 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಮಧುಮೇಹ. ನಾನು ನಡುವಿನ ಅಂಚಿನಲ್ಲಿದ್ದೆ. ‘ಇಷ್ಟು ಸಣ್ಣಗಿದೀರಾ, ನಿಮಗೆಲ್ಲಿ ಶುಗರ್ ಬರುತ್ತೆ?’ ಎಂದು ಪಕ್ಕದ ಮನೆಯವರು ಅಂದರು. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ ಅಕ್ಕಪಕ್ಕ ಇರುವ ಒಂದು ಫೋಟೋ 2004ರಲ್ಲಿ ಪ್ರಕಟವಾಗಿತ್ತು. ಎತ್ತರ, ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, ಬಿಎಂಐ 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ 21.2. ನಮ್ಮವರ ಮೈ ಸಣ್ಣಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಅದಕ್ಕೇ ನಮ್ಮ ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರದು 90 ದಾಟಿದರೆ ಎಚ್ಚರ ಎನ್ನುತ್ತಾರೆ. ತಕ್ಕಡಿಯ ಸಂಖ್ಯೆ ನೋಡಿಕೊಂಡು ನೆಮ್ಮದಿಯಾಗಿದ್ದ ನಾನು ಟೇಪು ಹಿಡಿದು ನೋಡಿದೆ: 87.

ಕುಕ್ಕರಹಳ್ಳಿ ಕೆರೆಗೆ ಬೆಳಗಿನ ನಡಿಗೆಗೆ ಹೋಗತೊಡಗಿದ್ದು ಆಗ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಕುವೆಂಪು ಅವರು ನಡೆದಾಡಿದ ಏರಿ. ಮರದ ಮೇಲೆ ಹೆಜ್ಜಾರ್ಲೆಗಳು ರೆಕ್ಕೆ ಒಣಗಿಸುತ್ತ ಕೂತಿರುತ್ತವೆ. ಏರಿಯ ಮೇಲೆ ನಡೆಯುವವರ ಮಾತು ಕಿವಿಗೆ ಬೀಳುತ್ತದಲ್ಲ, ಹತ್ತರಲ್ಲಿ ಆರು ಮಾತು ಒಂದೇ ಬಗೆಯದು. ಅನ್ನ ಬಿಡಬೇಕಾ? ರಾಗಿ ತಿನ್ನಬಹುದಾ? ಚಪಾತಿ ಒಳ್ಳೇದಾ? ಮಾವಿನಹಣ್ಣು? ಬೆಲ್ಲದ ಕಾಫಿ? ದೇಶದಲ್ಲಿ 10 ಕೋಟಿ ಜನಕ್ಕೆ ಮಧುಮೇಹ, ಇನ್ನೂ 13.6 ಕೋಟಿ ಜನ ನನ್ನಂತೆ ಅಂಚಿನಲ್ಲಿದ್ದಾರೆ ಎಂದು ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಹೇಳಿತು. ಆ ಕೋಟಿಗಳು ನನಗೆ ಈ ಏರಿಯ ಮೇಲೆ, ಸ್ವೆಟರು ಹಾಕಿಕೊಂಡು ‘ತಿನ್ನಬಹುದಾ’ ಎಂದು ಕೇಳುತ್ತ ನಡೆಯುವವರಾಗಿ ಕಾಣುತ್ತಾರೆ. ಯಾರ ದನಿಯಲ್ಲೂ ಬರೀ ಕುತೂಹಲವಿಲ್ಲ, ಭಯವಿದೆ. ತಿನ್ನುವುದೆಂದರೆ ನಮಗೆ ಪ್ರೀತಿ. ಅದನ್ನೇ ಬಿಡಬೇಕೆಂದರೆ ಯಾರ ಪ್ರೀತಿಯನ್ನು ಬಿಡುವುದು?

ರಾಗಿಯ ಪ್ರಶ್ನೆ ನನ್ನ ಮನೆಯ ಪ್ರಶ್ನೆ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹೂಡಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಗೆ ರಾಮನಿಂದ ಮಾನ ಕೊಡಿಸಿದರು. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಕೂಡಿಟ್ಟ ರೈತರಿಗೆ ಆ ತೀರ್ಪು ಗೊತ್ತಿದ್ದದ್ದೇ. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಬ್ರಹ್ಮ’ ಎಂದು ಜನ ಕರೆದ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ನಮ್ಮ ಹೊಲದಲ್ಲಿ ಆ ತೆನೆ ಮೊದಲ ಸಲ ಮುಷ್ಟಿ ಕಟ್ಟಿದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದು ನೆನಪಿದೆ. ರಾಗಿಗೆ ನಾನು ಋಣಿ.

ಆದರೆ ಋಣದ ಮಾತು ಬೇರೆ, ಲೆಕ್ಕ ಬೇರೆ. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ 350 ಮಿಲಿಗ್ರಾಂನಷ್ಟು. ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರು ರಾಗಿಯಲ್ಲಿ 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅವ್ವನ ಮೂಳೆಗೆ, ನನ್ನ ಹೊಟ್ಟೆಗೆ ಎರಡೂ ಬೇಕು. ಒಂದು ದಿನ ಹಿಟ್ಟು ತೂಗಿ ಮುದ್ದೆ ಕಟ್ಟಿದೆ. 80 ಗ್ರಾಂ ಹಿಟ್ಟಿಗೆ ಮಧ್ಯಮ ಗಾತ್ರದ ಒಂದು ಮುದ್ದೆ ಆಯಿತು. ಅದರಲ್ಲಿ ಪಿಷ್ಟ ಸುಮಾರು 53 ಗ್ರಾಂ. 70 ಗ್ರಾಂ ಅಕ್ಕಿಯ ಅನ್ನದಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಪ್ಪ ಎರಡು ಮುದ್ದೆ ಉಂಡು ನೇಗಿಲು ಹಿಡಿದ. ನಾನು ಎರಡು ಮುದ್ದೆ ಉಂಡು ಉತ್ತರಪತ್ರಿಕೆ ತಿದ್ದಿದೆ. ‘ರಾಗಿ ತಾನೆ, ಏನೂ ಆಗಲ್ಲ’ ಎಂದು ಎರಡನೆಯ ಮುದ್ದೆ ಹಾಕಿಸಿಕೊಂಡ ರಾತ್ರಿಗಳನ್ನೆಲ್ಲ ಕೆಂಪು ಕಣಗಳು ಎಣಿಸಿಟ್ಟಿದ್ದವು. ನುಣ್ಣಗೆ ಬೀಸಿದ ರಾಗಿಯ ಗಂಜಿಯಂತೂ ಮುದ್ದೆಗಿಂತ ಬೇಗ ರಕ್ತಕ್ಕೆ ಸೇರುತ್ತದೆ. ಡಬ್ಬಿಯ ರಾಗಿಮಾಲ್ಟನ್ನು ಔಷಧಿ ಎಂದು ದಿನಕ್ಕೆ ಎರಡು ಲೋಟ ಕುಡಿಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಚಪಾತಿಯ ಮಾತೂ ಇದೇ. ಅನ್ನ ಬಿಟ್ಟೆ ಎಂದು ನಾಲ್ಕು ಚಪಾತಿ ತಿಂದರೆ ಪಿಷ್ಟ ಹೊಟ್ಟೆಗೆ ಬೇರೆ ಬಾಗಿಲಿನಿಂದ ಬಂದಂತೆ. ಮಾವಿನಹಣ್ಣು ಊಟದ ಮೇಲೆ ಇನ್ನೊಂದು ಊಟವಾಗಬಾರದು. ರಸಪುರಿ ಬಂದ ತಿಂಗಳು ನಾನು ಅರ್ಧ ಹಣ್ಣು ತಿಂದು, ಆ ಹೊತ್ತಿನ ಅನ್ನ ಕಡಿಮೆ ಮಾಡುತ್ತೇನೆ. ಬೆಲ್ಲದ ವಿಷಯ ಹೇಳುವುದು ಮಂಡ್ಯ ಜಿಲ್ಲೆಯವಳಾದ ನನಗೆ ಕಷ್ಟ. ಆಲೆಮನೆಯ ಕೊಪ್ಪರಿಗೆಯ ವಾಸನೆ ನನ್ನ ಬಾಲ್ಯದ ವಾಸನೆ. ಆದರೂ ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ರಕ್ತಕ್ಕೆ ಅದರ ಬಣ್ಣ ಕಾಣುವುದಿಲ್ಲ. ಮೆಂತ್ಯ ನೆನೆಸಿ ತಿನ್ನಿ, ಹಾಗಲಕಾಯಿ ಪಲ್ಯ ಮಾಡಿ, ಬೇಡ ಅನ್ನುವವರಿಲ್ಲ. ಆದರೆ ನಮ್ಮ ಬೀದಿಯ ಒಬ್ಬರು ಯಾರದೋ ಮಾತು ಕೇಳಿ ಮಾತ್ರೆ ಬಿಟ್ಟು ಹಾಗಲದ ರಸವನ್ನೇ ನೆಚ್ಚಿಕೊಂಡರು. ಕಾಲಿನ ಗಾಯ ಮಾಯದೆ ಎರಡು ಬೆರಳು ತೆಗೆಸಬೇಕಾಯಿತು. ಅವರ ಹೆಂಡತಿ ಹಾಲು ತರಲು ಹೋಗುವಾಗ ಒಮ್ಮೆ ನನ್ನ ಕೈ ಹಿಡಿದು ಅತ್ತರು. ಮಾತ್ರೆಯ ವಿಷಯ ಬರೆದುಕೊಟ್ಟ ಡಾಕ್ಟರನ್ನು ಬಿಟ್ಟು ಯಾರ ಬಾಯಿಂದಲೂ ಕೇಳಬಾರದು.

ನಿಜವಾಗಿ ನನ್ನ 6.1 ಎಲ್ಲಿಂದ ಬಂತು ಎಂದು ಹುಡುಕಿದಾಗ ಸಿಕ್ಕಿದ ಜಾಗ ಊಟದ ಮೇಜಲ್ಲ, ಅಡುಗೆಮನೆಯ ಕಟ್ಟೆ. ರಾತ್ರಿ ಒಂಬತ್ತೂವರೆ. ಎಲ್ಲರದೂ ಆಗಿದೆ. ಕುಕ್ಕರಿನ ತಳದಲ್ಲಿ ಎರಡು ಹಿಡಿ ಅನ್ನ, ಹೆಚ್ಚಾದ ಒಂದು ಚಪಾತಿ, ಮೊಮ್ಮಗು ಅರ್ಧ ಬಿಟ್ಟ ದೋಸೆ. ಚೆಲ್ಲಲು ಕೈ ಬರುವುದಿಲ್ಲ. ಅನ್ನ ಚೆಲ್ಲಬಾರದೆಂದು ಅವ್ವ ಕಲಿಸಿದ್ದಾಳೆ, ಆ ಪಾಠ ತಪ್ಪಲ್ಲ. ನಿಂತಲ್ಲೇ ಬಾಯಿಗೆ ಹಾಕಿಕೊಂಡು ಪಾತ್ರೆ ನೆನೆಹಾಕಿದರೆ ದಿನ ಮುಗಿಯಿತು. ಪಲ್ಯ, ಕಾಳು ಅಷ್ಟು ಹೊತ್ತಿಗೆ ಇರುವುದಿಲ್ಲ. ಉಳಿಯುವುದು ಯಾವಾಗಲೂ ಅನ್ನವೇ. ಆ ಕಟ್ಟೆಯ ಮುಂದೆ ನಿಂತಾಗ ಒಂದು ರಾತ್ರಿ ಹೊಳೆಯಿತು, ನಾನು ಅವ್ವನ ಗಂಗಳದಲ್ಲೇ ಉಣ್ಣುತ್ತಿದ್ದೇನೆ. ಅವಳಿಗೆ ಸಾಲದೆ ಬಂದ ಸ್ಥಿತಿ, ನನಗೆ ಹೆಚ್ಚಾಗಿ ಬಂದಿದೆ. ಕಡೆಗೆ ಕೂರುವವಳಿಗೆ ಪಿಷ್ಟ ಉಳಿಯುತ್ತದೆ, ಕಾಳು ಉಳಿಯುವುದಿಲ್ಲ. ಎಷ್ಟು ಮನೆಗಳಲ್ಲಿ, ಎಷ್ಟು ಹೆಂಗಸರು ಮನೆಯವರ ಉಪ್ಪು, ಎಣ್ಣೆ, ಮಾತ್ರೆಯ ಹೊತ್ತು ಎಲ್ಲವನ್ನೂ ನೆನಪಿಟ್ಟುಕೊಂಡು, ತಮ್ಮ ಊಟವನ್ನು ಮಾತ್ರ ಉಳಿದದ್ದಕ್ಕೆ ಬಿಟ್ಟಿದ್ದಾರೆ! ಸಕ್ಕರೆ ಕಾಯಿಲೆಯ ಸಲಹೆಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕು ಎಂದು ನನಗನ್ನಿಸುತ್ತದೆ.

ಮನೆಕೆಲಸವೇ ವ್ಯಾಯಾಮ ಎಂಬ ಮಾತೂ ಹೆಂಗಸರಿಗೇ ಹೇಳುವಂಥದು. ದಿನವಿಡೀ ನಿಂತಿರುತ್ತೇವೆ, ಸುಸ್ತಾಗುತ್ತದೆ, ನಿಜ. ಆದರೆ ಮಿಕ್ಸಿ, ಗ್ರೈಂಡರ್, ನಲ್ಲಿ ಬಂದ ಮೇಲೆ ಅಡುಗೆಮನೆಯ ಕೆಲಸದಲ್ಲಿ ಉಸಿರು ಏರುವಂಥದ್ದು ಕಡಿಮೆ, ತೊಡೆಗೆ ಭಾರ ಬೀಳುವಂಥದ್ದು ಇನ್ನೂ ಕಡಿಮೆ. ಒರಳುಕಲ್ಲು ಹೋದದ್ದಕ್ಕೆ ನಾನು ಕೃತಜ್ಞಳು. ಅದು ಉಳಿಸಿದ ಹೊತ್ತಿನಲ್ಲಿ ಅರ್ಧ ಗಂಟೆ ನಮ್ಮ ಮೈಗೆ ಸಿಗಬೇಕಾಗಿತ್ತು, ಅದನ್ನೂ ಮನೆಯೇ ನುಂಗಿತು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಉಸಿರು ಏರುವ ಚಟುವಟಿಕೆ, ಎರಡು ದಿನ ಸ್ನಾಯುವಿಗೆ ಭಾರದ ಕೆಲಸ ಬೇಕು ಅನ್ನುತ್ತದೆ. ಆ 150 ನಿಮಿಷ ಹೆಂಗಸಿಗೆ ಸಿಗಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಬೆಳಗಿನ ಕಾಫಿ ಮಾಡಬೇಕು. ನಮ್ಮ ಮನೆಯಲ್ಲಿ ಈಗ ನಮ್ಮ ಯಜಮಾನರು ಮಾಡುತ್ತಾರೆ.

ಮಗಳು ಹೆಜ್ಜೆ ಎಣಿಸುವ ಗಡಿಯಾರ ತಂದುಕೊಟ್ಟಳು. ಹತ್ತು ಸಾವಿರವಾಗದ ದಿನ ಅಪರಾಧ ಮಾಡಿದಂತೆ ಅನ್ನಿಸುತ್ತಿತ್ತು. ಆ ಹತ್ತು ಸಾವಿರ ಹುಟ್ಟಿದ್ದು ವೈದ್ಯರ ಕೋಣೆಯಲ್ಲಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಮಾಪಕದ ಹೆಸರು ಅದು: ಮಾನ್ಪೋ-ಕೇ, ಹತ್ತು ಸಾವಿರ ಹೆಜ್ಜೆಯ ಮಾಪಕ. ಐ-ಮಿನ್ ಲೀ ಎಂಬ ವಿಜ್ಞಾನಿ ಸರಾಸರಿ 72 ವರ್ಷದ 16,741 ಹೆಂಗಸರನ್ನು ನೋಡಿ 2019ರಲ್ಲಿ ಹೇಳಿದ್ದು ಇಷ್ಟು: ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆ, 7,500ರ ಹೊತ್ತಿಗೆ ಲಾಭ ಏರುವುದು ನಿಲ್ಲುತ್ತದೆ. ನಾಲ್ಕು ಸಾವಿರ ಎಂದರೆ ಅವ್ವನಿಗೂ ಎಂದಾದರೂ ಎಟುಕುವ ಸಂಖ್ಯೆ ಅನ್ನಿಸಿತು. ಚೆನ್ನೈಯ ರಾಮಚಂದ್ರನ್ ಮತ್ತು ಸಂಗಡಿಗರು ನನ್ನಂಥ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಧೈರ್ಯ ಕೊಟ್ಟಿತು. ಸುಮ್ಮನೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 55 ಜನಕ್ಕೆ ಮಧುಮೇಹ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ 39 ಜನಕ್ಕೆ. ಆ 39ರ ಸಂಖ್ಯೆಯನ್ನೂ ನಾನು ಮರೆಯುವುದಿಲ್ಲ. ಎಲ್ಲ ಸರಿಯಾಗಿ ಮಾಡಿಯೂ ಕೆಲವರಿಗೆ ಬರುತ್ತದೆ. ಅವರನ್ನು ‘ನಾಲಿಗೆ ಬಿಗಿ ಹಿಡಿಯಲಿಲ್ಲ’ ಎಂದು ಅನ್ನುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಮನೆಯಲ್ಲಿ ಈಗ ಬದಲಾಗಿರುವುದು ಗಂಗಳದ ಒಳಗಿನ ಪಾಲು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ದಿನದ ತಟ್ಟೆಯ ಲೆಕ್ಕದಲ್ಲಿ ಧಾನ್ಯ 250 ಗ್ರಾಂ, ತರಕಾರಿ 400, ಹಣ್ಣು 100, ಬೇಳೆಕಾಳು ಇಲ್ಲವೆ ಮೊಟ್ಟೆ ಮಾಂಸ 85. ನಾನು ನಮ್ಮನೆಯದನ್ನು ತೂಗಿದ ದಿನ ಧಾನ್ಯ ನಾನೂರು ದಾಟಿತ್ತು, ತರಕಾರಿ ನೂರೈವತ್ತು ಮುಟ್ಟಿರಲಿಲ್ಲ. ಹೊಸದೇನನ್ನೂ ಹುಡುಕಬೇಕಾಗಲಿಲ್ಲ. ನಮ್ಮ ಬಸ್ಸಾರಿನಲ್ಲಿ ಸೊಪ್ಪು, ಕಾಳು ಎರಡೂ ಇದ್ದವು, ಬಡತನಕ್ಕೆ ಹೆದರಿ ಸಾರನ್ನು ನೀರು ಮಾಡಿದ್ದೆವು ಅಷ್ಟೆ. ಈಗ ಬಸಿದ ಪಲ್ಯ ದೊಡ್ಡದು, ಮುದ್ದೆ ಕಿತ್ತಳೆ ಹಣ್ಣಿನಷ್ಟು. ಪಲ್ಯ ಮೊದಲು, ಹಿಟ್ಟು ಆಮೇಲೆ. ಹಾಗೆ ಉಂಡರೆ ಊಟವಾದ ಮೇಲೆ ಸಕ್ಕರೆ ಅಷ್ಟು ಏರುವುದಿಲ್ಲ. ಹುರುಳಿ ವಾರಕ್ಕೆ ಮೂರು ದಿನ. 100 ಗ್ರಾಂ ಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನು. ಅವ್ವನಿಗೆ ದಿನಕ್ಕೊಂದು ಮೊಟ್ಟೆ. ರಾತ್ರಿ ಏಳೂವರೆಗೆ ಎಲ್ಲರೂ ಒಟ್ಟಿಗೆ ಉಣ್ಣುವುದು, ಉಳಿದದ್ದು ಫ್ರಿಜ್ಜಿಗೆ. ಅವ್ವ ಇದನ್ನು ಒಪ್ಪಲು ಬಹಳ ದಿನ ಹಿಡಿಯಿತು. ‘ಗಂಡುಮಕ್ಕಳು ಉಣ್ಣೋಕ್ ಮುಂಚೆ ನಾನ್ ಎಂಗ್ ಕೂತ್ಕಳ್ಳಿ ಮಗಾ’ ಅಂದಳು. ಗಂಗಳ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದಳು. ನಾನೂ ಉಣ್ಣದೆ ಕಾಯುತ್ತಿದ್ದೆ. ಕಡೆಗೆ ಅವಳೇ ತುತ್ತು ಮುರಿದಳು.

ಕುರ್ಚಿಯ ಕೆಲಸ ಊಟಕ್ಕೆ ಮೊದಲು. ಅವ್ವ ಎದೆಗೆ ಕೈ ಕಟ್ಟಿ ಏಳುತ್ತಾಳೆ, ನಾನು ಎಣಿಸುತ್ತೇನೆ. ಎರಡು ತಿಂಗಳಿಗೆ ಎಂಟಾಯಿತು. ಮಧ್ಯೆ ಜ್ವರ ಬಂದು ವಾರ ಮಲಗಿದಳು, ಆರಕ್ಕೆ ಇಳಿಯಿತು. ಆ ಎರಡನ್ನು ವಾಪಸು ತರಲು ತಿಂಗಳು ಬೇಕಾಯಿತು. ಯುಗಾದಿಯ ಹಿಂದಿನ ದಿನ ಒಂಬತ್ತು. ಅವಳಿಗೆ ಸಂಖ್ಯೆಯ ಗೊಡವೆ ಇರಲಿಲ್ಲ. ಮರುದಿನ ಬೆಳಿಗ್ಗೆ ಎಣ್ಣೆನೀರಿಗೆ ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ, ಗೋಡೆಗೆ ಹಾಕಿಸಿದ ಹಿಡಿ ಹಿಡಿದು, ತಾನೇ ಮಣೆಯಿಂದ ಎದ್ದು ಬಂದಳು. ನಾನು ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತಿದ್ದೆ. ‘ಒಳಕ್ ಬಾ ಅಂತ ಕರೀಲಿಲ್ಲ ಕಣೆ’ ಅಂದಳು, ತಲೆ ಒರೆಸಿಕೊಳ್ಳುತ್ತ.

ಊಟವಾದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ನಡೆಯುತ್ತೇವೆ. ನಡೆಯುವ ಕಾಲಿನ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೇ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೇ ಉಂಡ ಮೇಲಿನ ಹತ್ತು ನಿಮಿಷಕ್ಕೆ ಅಷ್ಟು ಬೆಲೆ. ನನ್ನ ವರದಿ ಈಗ 5.8, ಅಂಚು ಇನ್ನೂ ದಾಟಿಲ್ಲ. ಅವ್ವ ಗಡಿಯಾರ ಕಟ್ಟಿಕೊಳ್ಳಲಿಲ್ಲ. ಅವಳು ಎಣಿಸುವುದು ಗೇಟುಗಳನ್ನು. ಮೊದಲ ವಾರ ಮೂರು ಗೇಟು. ಆಮೇಲೆ ಏಳು. ಮಳೆಗಾಲದಲ್ಲಿ ಹಜಾರದಲ್ಲೇ ಓಡಾಡಿದಾಗ ಗೇಟು ಸಿಗಲಿಲ್ಲವೆಂದು ಬೇಸರಪಟ್ಟಳು.

ನಿನ್ನೆ ರಾತ್ರಿ ನನಗೆ ಕೆಲಸ ಬಹಳ ಇತ್ತು. ಊಟ ಮುಗಿಸಿ ಸೋಫಾದ ಮೇಲೆ ಕೂತು ಕಣ್ಣು ಮುಚ್ಚಿದ್ದೆ. ಅವ್ವ ಚಪ್ಪಲಿ ಮೆಟ್ಟಿಕೊಂಡು ಬಂದು ಬಾಗಿಲ ಬಳಿ ನಿಂತಳು.

‘ಏಳ್ ಮಗಾ.’

‘ಸಾಕಾಗಿದೆ ಕಣವ್ವ.’

‘ಆ ಸೀಬೆಮರದ ಮನೆಗಂಟ ಹೋಗದು, ಬರದು. ಇವತ್ತು ಹದಿನೈದನೇ ಗೇಟು’ ಎಂದು ಅವಳಾಗಲೇ ಮೆಟ್ಟಿಲು ಇಳಿಯತೊಡಗಿದ್ದಳು.